ಅಮೆರಿಕದ ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದವನು ಅಸಿಸ್ಟೆಂಟ್ ಕೋಚ್ ಆದರೆ ಹೊಟ್ಟೆ ತುಂಬುತ್ತಾ?

ನಿಮ್ಮ ತಮ್ಮ ಅಮೆರಿಕದ ಕಾಲೇಜು ತಂಡದಲ್ಲಿ ಗೋಲ್‌ಕೀಪರ್, ಮೇ ತಿಂಗಳಿಗೆ ಡಿಗ್ರಿ ಮುಗಿಯುತ್ತೆ, ಬೇರೆ ಕೆಲಸ ಬೇಡ, ಕೋಚಿಂಗೇ ಬೇಕು ಅಂತ ಹಟ ಹಿಡಿದಿದ್ದಾನೆ, ಮನೆಯವರಿಗೆಲ್ಲ ಚಿಂತೆ ಅಂತ ಬರೆದಿದ್ದೀರಿ. ಹೊಟ್ಟೆ ತುಂಬುತ್ತೆ, ಆದರೆ ತಡವಾಗಿ. ನಾನು ಬೆಂಗಳೂರಿನಲ್ಲಿ ಗೋಲ್ ಕಾಯ್ದವನು, ಈಗ ಇಲ್ಲಿ ಅಮೆರಿಕದಲ್ಲೇ ಒಂದು ಸಣ್ಣ ಡಿವಿಷನ್ 2 (ಕಾಲೇಜು ಕ್ರೀಡೆಯ ಎರಡನೇ ದರ್ಜೆ) ಕಾಲೇಜಿನಲ್ಲಿ ಅಸಿಸ್ಟೆಂಟ್ ಕೋಚ್. ಅಮ್ಮ ನೆಂಟರಿಗೆ ‘ಫುಟ್‌ಬಾಲ್ ಮೇಷ್ಟ್ರು’ ಅಂತ ಪರಿಚಯ ಮಾಡ್ತಾರೆ. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಆಟ, ನಮ್ಮದು ಸಾಕರ್. ದೊಡ್ಡ ದುಡ್ಡು ಹೆಲ್ಮೆಟ್‌ನವರ ಕಡೆಗೇ ಹರಿಯೋದು.

ಮೊದಲ ಮೆಟ್ಟಿಲು ಸಾಮಾನ್ಯವಾಗಿ ಗ್ರಾಜುಯೇಟ್ ಅಸಿಸ್ಟೆಂಟ್, ಅಂದರೆ ಮಾಸ್ಟರ್ಸ್ ಓದ್ತಾ ತಂಡಕ್ಕೆ ಕೋಚಿಂಗ್ ಮಾಡೋದು. ಮಾಸ್ಟರ್ಸ್ ಓದಿನ ಫೀಸು ಪೂರ್ತಿಯೋ ಅರ್ಧವೋ ಮಾಫಿ, ಕೈಗೆ ಒಂದಿಷ್ಟು ಭತ್ಯೆ. ಮುಂಚೆ ಇದಕ್ಕಿಂತ ಕಷ್ಟ ಇತ್ತು. 2023ರ ಜುಲೈವರೆಗೆ ಡಿವಿಷನ್ 1ರಲ್ಲಿ ‘ವಾಲಂಟಿಯರ್ ಕೋಚ್’ ಅನ್ನೋ ಸಂಬಳವಿಲ್ಲದ ಹುದ್ದೆಯೇ ಇತ್ತು, ಗೋಲ್‌ಕೀಪರ್‌ಗಳಿಗೆ ಹೇಳಿಕೊಡೋರು ಎಷ್ಟೋ ಜನ ಆ ಜಾಗದಲ್ಲೇ ವರ್ಷಗಟ್ಟಲೆ ಕಳೆದರು. ತಮ್ಮ ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿದ್ದರೆ ಓದಿನ ನಂತರ ಒಂದು ವರ್ಷ ಒಪಿಟಿ, ಅಂದರೆ ಕೆಲಸ ಮಾಡೋ ಅನುಮತಿ ಸಿಗುತ್ತೆ, ಆಮೇಲೆ ಕಾಲೇಜೇ ಎಚ್-1ಬಿ ಅನ್ನೋ ಕೆಲಸದ ವೀಸಾಗೆ ಅರ್ಜಿ ಹಾಕಬೇಕು. ಕಂಪನಿಗಳಿಗಿರೋ ಹಾಗೆ ಕಾಲೇಜುಗಳಿಗೆ ಆ ವೀಸಾದ ಲಾಟರಿ ಇಲ್ಲ, ಅದು ಪುಣ್ಯ. ಇಷ್ಟು ಸಣ್ಣ ಹುದ್ದೆಗೆ ವಕೀಲರ ಫೀಸು ಕೊಡೋಕೆ ಅವರು ಮೂಗು ಮುರಿತಾರೆ, ಅದು ಕರ್ಮ.

ಇನ್ನು ಕೆಲಸ. ಹುಡುಗರಿಗೆ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ ಮೀರಿ ಅಭ್ಯಾಸ ಮಾಡಿಸೋ ಹಾಗಿಲ್ಲ, ಅದು ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎಯ ನಿಯಮ. ನಮಗೆ ಅಂಥ ಮಿತಿ ಯಾರೂ ಹಾಕಿಲ್ಲ. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ವಾರಕ್ಕೆ ಎರಡು ಪಂದ್ಯ. ಗೋಲ್‌ಕೀಪರ್‌ಗಳ ಜೊತೆ ನಾನು ಮೈದಾನದಲ್ಲಿರೋದು ದಿನಕ್ಕೆ ಒಂದೂವರೆ ಗಂಟೆ. ಉಳಿದ ಹೊತ್ತು ವ್ಯಾನ್ ಓಡಿಸೋದು, ಸ್ಯಾಂಡ್‌ವಿಚ್ ಎಣಿಸೋದು, ಯಾರ ಅಟೆಂಡೆನ್ಸ್ ಕಡಿಮೆ ಅಂತ ನೋಡೋದು. ಎಲ್ಲಕ್ಕಿಂತ ಹೆಚ್ಚು ರಿಕ್ರೂಟಿಂಗ್, ಅಂದರೆ ತಂಡಕ್ಕೆ ಹೊಸ ಹುಡುಗರನ್ನ ಹುಡುಕೋದು. ಹತ್ತನೇ ಕ್ಲಾಸ್ ಮುಗಿಸಿದ ಮಕ್ಕಳಿಗೆ ಜೂನ್ 15ರಿಂದ ನಾವು ಬರೀಬಹುದು, ಆ ವಾರ ನಿದ್ದೆ ಇರಲ್ಲ. ಗೋಲ್‌ಕೀಪರ್‌ಗಳು ಕಳಿಸೋ ವಿಡಿಯೊದಲ್ಲಿ ಬರೀ ಹಾರಿ ಹಿಡಿದದ್ದೇ ಇರುತ್ತೆ, ಹಿಂದೆ ಹಾಡು ಬೇರೆ. ನಾನು ಒಂದು ಪೂರ್ತಿ ಪಂದ್ಯ ಕಳಿಸು ಅಂತೀನಿ. ಚೆಂಡು ಆ ಕಡೆ ಅರ್ಧದಲ್ಲಿರುವಾಗ ಹುಡುಗ ಎಲ್ಲಿ ನಿಂತಿದ್ದಾನೆ, ಡಿಫೆಂಡರ್‌ಗಳಿಗೆ ಏನಾದರೂ ಕೂಗ್ತಿದ್ದಾನಾ, ಇಲ್ಲ ಗೋಲ್‌ಪೋಸ್ಟಿಗೆ ಒರಗಿದ್ದಾನಾ? ಅಷ್ಟು ನೋಡಿದರೆ ಸಾಕು.

ಹೋದ ಸೀಸನ್‌ನ ಒಂದು ಪಂದ್ಯ. ನಮ್ಮ ಹುಡುಗನ ಕಾಲಿನ ಸಂದಿಯಲ್ಲಿ ಚೆಂಡು ನುಸುಳಿ ಗೋಲಾಯ್ತು, ಮೆಲ್ಲಗೆ ಉರುಳಿ ಬಂದ ಚೆಂಡು. ಹಾಫ್‌ಟೈಮಲ್ಲಿ ಅವನು ಟವೆಲ್ಲಿನಲ್ಲಿ ಮುಖ ಮುಚ್ಕೊಂಡು ಕೂತ. ಹೆಡ್ ಕೋಚ್ ನನ್ನ ಕಡೆ ನೋಡಿದರು. ನಾನು ಪಕ್ಕ ಕೂತು ಅವನ ಗ್ಲೌಸ್ ಇಸ್ಕೊಂಡು ಅಂಗೈ ಮೇಲೆ ನೀರು ಹಾಕಿ ಉಜ್ಜಿದೆ. ಲೇಟೆಕ್ಸ್ ಒಣಗಿದರೆ ಹಿಡಿತ ಹೋಗುತ್ತೆ. “ಈಗ ಬಿಸಿಲು ನಿನ್ನ ಎಡಗಣ್ಣಿಗೆ ಹೊಡೆಯುತ್ತೆ, ಕಾರ್ನರ್ ಬಂದಾಗ ಒಂದು ಹೆಜ್ಜೆ ಮುಂದೆ ನಿಲ್ಲು” ಅಂದೆ. ಗೋಲಿನ ಸುದ್ದಿ ಎತ್ತಲಿಲ್ಲ. ಸೆಕೆಂಡ್ ಹಾಫ್‌ನ ಮೊದಲ ಕಾರ್ನರ್‌ಗೇ ನಾಲ್ಕು ಜನರ ತಲೆ ಮೇಲಿಂದ ಚೆಂಡು ಕಿತ್ಕೊಂಡ. ಪಂದ್ಯ 1–0ಕ್ಕೆ ಸೋತೆವು, ಅದು ಬೇರೆ ಮಾತು. ಈ ವಿದ್ಯೆ ನನಗೆ ಲೈಸೆನ್ಸ್ ಕೋರ್ಸಿನಲ್ಲಿ ಸಿಕ್ಕಿದ್ದಲ್ಲ. ನಾನು ಮೂರು ವರ್ಷ ಎರಡನೇ ಕೀಪರ್. ಬೆಂಚ್ ಮೇಲೆ ಕೂತು ಇನ್ನೊಬ್ಬನನ್ನ ವಾರ್ಮ್‌ಅಪ್ ಮಾಡಿಸಿ, ಅವನ ಮುಖ ನೋಡಿ ಓದೋದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ.

ಅಮೆರಿಕದ ಹೆಸರಾಂತ ಸಾಕರ್ ಕೋಚ್ ಬ್ರೂಸ್ ಅರೀನಾ ಕೂಡ ಗೋಲ್‌ಕೀಪರ್. ಅಮೆರಿಕ ತಂಡಕ್ಕೆ ಆಡಿದ್ದು 1973ರಲ್ಲಿ ಇಸ್ರೇಲ್ ವಿರುದ್ಧ ಒಂದೇ ಒಂದು ಪಂದ್ಯ. 1978ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಬಂದಾಗ ಸಾಕರ್ ಕೋಚ್ ಆಗಿದ್ದುಕೊಂಡೇ ಲಕ್ರಾಸ್ (ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಆಡೋ ಆಟ) ತಂಡಕ್ಕೆ ಅಸಿಸ್ಟೆಂಟ್ ಆಗಿಯೂ ದುಡಿದರು. ಆಮೇಲೆ ಐದು ಎನ್‌ಸಿಎಎ ಪ್ರಶಸ್ತಿ, ಅದರಲ್ಲಿ ನಾಲ್ಕು 1991ರಿಂದ 94ರವರೆಗೆ ಸಾಲಾಗಿ. 2002ರ ವಿಶ್ವಕಪ್‌ನಲ್ಲಿ ಅಮೆರಿಕವನ್ನು ಕ್ವಾರ್ಟರ್‌ಫೈನಲ್‌ಗೆ ಒಯ್ದರು. ತಮ್ಮ ಅರೀನಾ ಆಗ್ತಾನೆ ಅಂತ ಹೇಳ್ತಿಲ್ಲ. ಅಂಥವರೂ ಎರಡು ಆಟಕ್ಕೆ ದುಡಿದೇ ಶುರು ಮಾಡಿದ್ದು ಅಂತ ಮನೆಯವರಿಗೆ ಹೇಳಿ.

ಹೆದರಬೇಕಾದ್ದು ಸಂಬಳಕ್ಕಲ್ಲ. ಹೆಡ್ ಕೋಚ್ ಹೋದರೆ ಅಸಿಸ್ಟೆಂಟ್‌ಗಳೂ ಗಂಟುಮೂಟೆ ಕಟ್ಟಬೇಕಾಗುತ್ತೆ. ಹಿಂದಿನ ಕಾಲೇಜಿನಲ್ಲಿ ನನಗೆ ಹಾಗೇ ಆಯ್ತು. ಡಿಸೆಂಬರ್‌ನಲ್ಲಿ ಒಂದು ಇಮೇಲ್, ಎರಡು ವಾರದಲ್ಲಿ ಆಫೀಸ್ ಖಾಲಿ. ವೀಸಾದಲ್ಲಿರೋವನಿಗೆ ಅದು ಬರೀ ಕೆಲಸ ಹೋದ ಹಾಗಲ್ಲ.

ಅಮೆರಿಕದ ಸಾಕರ್ ಫೆಡರೇಷನ್ ಯು.ಎಸ್. ಸಾಕರ್‌ನ ಡಿ ಲೈಸೆನ್ಸ್ ಅನ್ನೋ ಕೋಚಿಂಗ್ ಕೋರ್ಸು, ಕೋಚ್‌ಗಳ ಸಂಘ ಯುನೈಟೆಡ್ ಸಾಕರ್ ಕೋಚಸ್‌ನ ಗೋಲ್‌ಕೀಪಿಂಗ್ ಡಿಪ್ಲೊಮಾ, ಎರಡನ್ನೂ ಈಗಲೇ ಮಾಡ್ಕೊಳ್ಳಲಿ. ಆ ಕೋಚ್‌ಗಳ ಸಂಘದ್ದೇ ಸಮ್ಮೇಳನ ಪ್ರತಿ ಜನವರಿ ನಡೆಯುತ್ತೆ, ಹುದ್ದೆಗಳು ಕೈ ಬದಲಾಗೋದೂ ಹೆಚ್ಚಾಗಿ ಆ ಹೊತ್ತಿಗೇ. ರೆಸ್ಯೂಮೆಗಿಂತ ಅಲ್ಲಿ ಕಾಫಿ ಕುಡಿತಾ ಆಡೋ ಮಾತಿಗೆ ಬೆಲೆ ಜಾಸ್ತಿ. ಸಂದರ್ಶನದಲ್ಲಿ ಮಾತ್ರ ಒಂದು ಪ್ರಶ್ನೆ ಮರೆಯದೆ ಕೇಳಲಿ: ಹೆಡ್ ಕೋಚ್ ಕಾಂಟ್ರಾಕ್ಟ್ ಇನ್ನೆಷ್ಟು ವರ್ಷ ಇದೆ?