ಚಪ್ಪಲಿ ಗಾಜಿನದ್ದೇ ಆಗಬೇಕೆ?

ಪ್ರಶ್ನೆ: ಮರಿಸ್ಸಾ ಮೇಯರ್ ಅವರ ‘ಸಿಂಡರ್’ (2012) ಓದಿದೆ. ಸಿಂಡ್ರೆಲಾ ಕಥೆಯನ್ನು ಮುಂದೆಂದೋ ಬರುವ ಕಾಲಕ್ಕೆ ಒಯ್ದ ಕಾದಂಬರಿ. ನಾಯಕಿ ಸೈಬಾರ್ಗ್, ಅಂದರೆ ಮೈಯ ಒಂದಷ್ಟು ಭಾಗ ಯಂತ್ರವಾಗಿರುವವಳು. ಕಸುಬಿನಲ್ಲಿ ಮೆಕ್ಯಾನಿಕ್. ಅವಳು ಇಷ್ಟವಾದಳು. ಆದರೆ ಗಾಜಿನ ಚಪ್ಪಲಿಯ ಜಾಗದಲ್ಲಿ ಲೋಹದ ಪಾದವಿದೆ, ಮಂತ್ರದಂಡದ ಕಿನ್ನರಿ ಇಲ್ಲ. ಅವಳು ನಿಜಕ್ಕೂ ಯಾರೆಂಬ ಗುಟ್ಟು ಪುಸ್ತಕ ಅರ್ಧವಾಗುವ ಮೊದಲೇ ಹೊಳೆದುಬಿಟ್ಟಿತು. ಮೂಲಕ್ಕೆ ನಿಷ್ಠವಾಗಿಲ್ಲ ಎಂದು ವಿಮರ್ಶೆ ಬರೆಯಬೇಕೆಂದಿದ್ದೇನೆ. ಸರಿಯೇ?

ಉತ್ತರ: ನಿಮ್ಮ ಮೂರು ಆಕ್ಷೇಪಗಳಲ್ಲಿ ಕೊನೆಯದು ಗಟ್ಟಿಯಾಗಿದೆ. ಮೊದಲೆರಡನ್ನು ಕೈಬಿಡಿ.

ಮೂಲ ಎಂದರೆ ಯಾವ ಮೂಲ? ಗಾಜಿನ ಚಪ್ಪಲಿ, ಕಿನ್ನರಿ, ಮಧ್ಯರಾತ್ರಿಯ ಗಡುವು ಇವೆಲ್ಲ 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಬರೆದ ರೂಪದಲ್ಲಿವೆ. 1812ರಲ್ಲಿ ಬಂದ ಗ್ರಿಮ್ ಸೋದರರ ರೂಪದಲ್ಲಿ ಕಿನ್ನರಿಯಿಲ್ಲ. ತಾಯಿಯ ಸಮಾಧಿಯ ಮೇಲೆ ಬೆಳೆದ ಮರ ಉಡುಪು ಕೊಡುತ್ತದೆ. ಅಲ್ಲಿ ಚಪ್ಪಲಿ ಚಿನ್ನದ್ದು, ಅದು ತಾನಾಗಿ ಜಾರುವುದೂ ಇಲ್ಲ: ರಾಜಕುಮಾರ ಮೆಟ್ಟಿಲಿಗೆ ಅಂಟು ಬಳಿಸಿರುತ್ತಾನೆ. ಒಂಬತ್ತನೆಯ ಶತಮಾನದಲ್ಲಿ ಚೀನಾದ ದುವಾನ್ ಚೆಂಗ್‌ಶಿ ದಾಖಲಿಸಿದ ಯೆ ಶಿಯಾನ್ ಕಥೆಯಲ್ಲಿ ಸತ್ತ ಮೀನಿನ ಮೂಳೆಗಳೇ ವರ ಕೊಡುತ್ತವೆ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ‘ಹಂಚಿ’ಯಲ್ಲಂತೂ ಹೊಂಗೂದಲಿನ ಹುಡುಗಿಯನ್ನು ಮರೆಮಾಡುವುದು ಮಣ್ಣಿನ ಮುಖವಾಡ. ವಸ್ತುಗಳು ಊರಿಂದೂರಿಗೆ ಬದಲಾಗಿವೆ, ಅವು ಮಾಡುವ ಕೆಲಸ ಮಾತ್ರ ಉಳಿದುಕೊಂಡಿದೆ. ಲೋಕ ಕಡೆಗಣಿಸಿದವಳನ್ನು ಅವಳಿಗೆ ಮಾತ್ರ ಸೇರಿದ ಒಂದು ಗುರುತು ಹಿಡಿದುಕೊಡಬೇಕು, ಅಷ್ಟೇ.

ಈ ಅಳತೆಗೋಲು ಹಿಡಿದು ನೋಡಿದರೆ ಆ ಲೋಹದ ಪಾದ ಕಾದಂಬರಿಯ ಅತ್ಯುತ್ತಮ ಕಲ್ಪನೆ. ಆರಂಭದಲ್ಲೇ ನಾಯಕಿ ತನಗೆ ಚಿಕ್ಕದಾಗಿಹೋದ ಹಳೆಯ ಪಾದವನ್ನು ಬಿಚ್ಚುತ್ತಿರುತ್ತಾಳೆ. ಕೊನೆಗೆ ಅರಮನೆಯ ಮೆಟ್ಟಿಲಲ್ಲಿ ಪಾದ ಕಳಚುತ್ತದೆ. ಬಿದ್ದಾಗ ಬಯಲಾಗುವುದು ಅವಳು ರಾಜಕುಮಾರನಿಂದ ಬಚ್ಚಿಟ್ಟಿದ್ದ ಸಂಗತಿಯೇ. ಗಾಜಿನ ಚಪ್ಪಲಿ ಅವಳನ್ನು ಮೇಲೆತ್ತಿತ್ತು, ಈ ಪಾದ ಎಲ್ಲರೆದುರು ನಾಚಿಕೆಗೆ ಈಡುಮಾಡುತ್ತದೆ. ಹಳೆಯ ಕಥೆಗೆ ಇಂಥ ತಿರುವು ಕೊಡಲಾಗದಿದ್ದರೆ ಮರುಕಥನವೇ ಬೇಡ.

ಗುಟ್ಟಿನ ವಿಚಾರಕ್ಕೆ ಬನ್ನಿ. ಬೂದಿಯಲ್ಲಿ ಕೂತ ಹುಡುಗಿ ಕಂಡದ್ದಕ್ಕಿಂತ ದೊಡ್ಡವಳು ಎಂದು ಓದುಗರಿಗೆ ಪುಸ್ತಕ ತೆರೆಯುವ ಮೊದಲೇ ಗೊತ್ತು. ಅದರ ಮೇಲೆ ಕಾಣೆಯಾದ ರಾಜಕುವರಿಯ ಸುದ್ದಿ ಬಂದರೆ ಎರಡನ್ನೂ ಜೋಡಿಸಲು ಹೊತ್ತು ಬೇಕಿಲ್ಲ. ಊಹೆ ನಿಜವಾಯಿತೆಂಬುದು ದೋಷವಲ್ಲ. ನಮಗೆ ತಿಳಿದದ್ದು ನಾಯಕಿಗೆ ತಿಳಿಯುವವರೆಗಿನ ಪುಟಗಳಲ್ಲಿ ಚುರುಕು ಮೆಕ್ಯಾನಿಕ್ ಹುಡುಗಿ ಮಂಕಾಗಿ ಕಾಣುತ್ತಾಳಲ್ಲ, ದೋಷ ಅಲ್ಲಿದೆ. ನಿಮಗೆ ಹೊಳೆದ ಪುಟ ಯಾವುದು, ಅವಳಿಗೆ ತಿಳಿದ ಪುಟ ಯಾವುದು, ಎರಡನ್ನೂ ಬರೆದಿಟ್ಟುಕೊಳ್ಳಿ. ನಡುವಿನ ಪುಟಗಳಲ್ಲಿ ಆ ಗುಟ್ಟಿನ ಹೊರತಾಗಿ ನಿಮ್ಮನ್ನು ಓದಿಸಿದ್ದೇನು ಎಂದು ನೋಡಿ: ಸಾಂಕ್ರಾಮಿಕ ರೋಗವೇ, ಮಲತಾಯಿಯ ಹಿಡಿತವೇ? ಏನೂ ಸಿಗದಿದ್ದರೆ ಆಕ್ಷೇಪವನ್ನು ಧೈರ್ಯವಾಗಿ ಬರೆಯಿರಿ, ಪುಟಸಂಖ್ಯೆಯೊಂದಿಗೆ. ‘ಮೊದಲೇ ಗೊತ್ತಾಯಿತು’ ಎಂಬ ಒಂದು ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ಗೋಪುರದ ಬದಲು ಉಪಗ್ರಹದಲ್ಲಿ ಸೆರೆಯಾದ ರಪುಂಜೆಲ್ ಬಗ್ಗೆ ಕಥೆ ಬರೆಯುತ್ತಿದ್ದೇನೆ. ಹಿಡಿದು ಹತ್ತಿಬರಲೆಂದು ಅವಳು ಕೆಳಗೆ ಇಳಿಬಿಡುವ ಉದ್ದ ಕೂದಲನ್ನು ಏನು ಮಾಡಲಿ?

ಉತ್ತರ: ಜೋತುಬಿಡಲು ಮಾತ್ರ ಹೋಗಬೇಡಿ. ಕಕ್ಷೆಯಲ್ಲಿ ತೂಕವೇ ಅನುಭವಕ್ಕೆ ಬಾರದು. ಜಡೆ ಇಳಿಬೀಳದೆ ಸುತ್ತ ತೇಲುತ್ತದೆ, ಉದುರಿದ ಕೂದಲು ಗಾಳಿಯ ಫ್ಯಾನ್‌ಗಳ ಜಾಲರಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಬೆಳವಣಿಗೆಯ ಲೆಕ್ಕವೂ ತೊಡಕಿನದೇ. ತಲೆಗೂದಲು ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ. ಒಂದೂ ಉದುರದೆ, ತುಂಡಾಗದೆ ಉಳಿದರೂ 18 ವರ್ಷಕ್ಕೆ 2.7 ಮೀಟರ್ ಆದೀತು.

ಅದಕ್ಕಿಂತ ಮುಖ್ಯ, ಗ್ರಿಮ್ ಕಥೆಯಲ್ಲಿ ಜಡೆ ಮಾಡುವ ಕೆಲಸಗಳನ್ನು ಎಣಿಸಿ. ಅದು ಸೆರೆಯಾಳಿನ ಮೈಯ ಭಾಗ, ಅವಳು ಮನಸ್ಸು ಮಾಡದೆ ಯಾರೂ ಒಳಬರುವಂತಿಲ್ಲ. ಕಾವಲಿನ ಮಾಟಗಾತಿಗೂ ಅದೇ ದಾರಿ, ಆದ್ದರಿಂದಲೇ ರಾಜಕುಮಾರ ಅವಳ ಕರೆಯನ್ನು ಕದ್ದುಕೇಳಿ ಅನುಕರಿಸಬಲ್ಲ. ಆಮೇಲೆ ಕತ್ತರಿಸಿದ ಜಡೆಯೇ ಅವನಿಗೆ ಬಲೆಯಾಗುತ್ತದೆ. ಈ ಮೂರೂ ಕೆಲಸ ಮಾಡುವ ವಸ್ತು ಬೇಕು. ಅವಳ ದನಿಗೆ ಮಾತ್ರ ತೆರೆಯುವ ಬಾಗಿಲು ಒಂದು ದಾರಿ: ಸಾಮಗ್ರಿ ತರುವ ಮಾಟಗಾತಿಯೂ ಕರೆದು ಅವಳಿಂದ ತೆರೆಸಿಕೊಳ್ಳಬೇಕು, ಕೊನೆಗೆ ಧ್ವನಿಮುದ್ರಿಕೆ ಬಳಸಿ ರಾಜಕುಮಾರನನ್ನು ಬಲೆಗೆ ಕೆಡವಬೇಕು. ಬರೀ ಲೇಸರ್ ಹಗ್ಗವಾದರೆ ಮೂರರಲ್ಲಿ ಒಂದೂ ಆಗದು.

ಗ್ರಿಮ್‌ನಲ್ಲಿ ಒಂದು ಸೊಗಸಾದ ವಿವರವಿದೆ: ಜಡೆಯನ್ನು ಕೆಳಗೆ ಬಿಡುವ ಮೊದಲು ಅವಳು ಅದನ್ನು ಕಿಟಕಿಯ ಕೊಕ್ಕೆಗೆ ಸುತ್ತಿಕೊಳ್ಳುತ್ತಾಳೆ, ಭಾರ ನೆತ್ತಿಯ ಮೇಲೆ ಬೀಳದಿರಲಿ ಎಂದು. ಆ ಕಥೆ ಹೇಳಿದವರು ಎಳೆತದ ಬಗ್ಗೆ ಯೋಚಿಸಿದ್ದರು. ನೀವೂ ಅಷ್ಟು ಯೋಚಿಸಿ.

ಎತ್ತರವನ್ನು ಮೊದಲೇ ನಿಗದಿ ಮಾಡಿ. 400 ಕಿ.ಮೀ. ಎತ್ತರದಲ್ಲಾದರೆ ಭೂಮಿಗೆ ಒಂದು ಸುತ್ತು ಸುಮಾರು 92 ನಿಮಿಷ. ನೆಲದ ಒಂದು ಕೇಂದ್ರದ ಮೇಲೆ ಹಾದುಹೋಗುವಾಗ ನೇರ ಸಂಪರ್ಕ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷದಷ್ಟು. ಪ್ರೇಮಕಥೆಗೆ ಇದಕ್ಕಿಂತ ಒಳ್ಳೆಯ ಗಡುವು ಬೇಕೆ? 35,786 ಕಿ.ಮೀ.ಯ ಭೂಸ್ಥಿರ ಕಕ್ಷೆಯಲ್ಲಿ ಇಟ್ಟರೆ ಅವಳು ಸದಾ ಒಂದೇ ಜಾಗದ ಮೇಲಿರುತ್ತಾಳೆ, ಸಂಪರ್ಕ ಕಡಿಯುವುದಿಲ್ಲ, ಬಿಗಿ ಸಡಿಲವಾಗುತ್ತದೆ. ನಮ್ಮ ಆಯ್ಕೆ ಮೊದಲನೆಯದು.

ಪ್ರಶ್ನೆ: ನಿದ್ರಾಸುಂದರಿಯ ನೂರು ವರ್ಷದ ನಿದ್ದೆಗೆ ಶೀತನಿದ್ರೆ (ದೇಹವನ್ನು ಹೆಪ್ಪುಗಟ್ಟಿಸಿ ಮಲಗಿಸುವುದು) ಒಳ್ಳೆಯದೋ, ಬೆಳಕಿನ ವೇಗದ ಹತ್ತಿರದ ಪಯಣವೋ?

ಉತ್ತರ: ಬೆಳಕಿನ ವೇಗದ ಶೇ. 99.5ರಲ್ಲಿ ಭೂಮಿಯ ನೂರು ವರ್ಷ ನೌಕೆಯಲ್ಲಿ ಸುಮಾರು ಹತ್ತಾಗುತ್ತದೆ. ಆದರೆ ಆ ಹತ್ತು ವರ್ಷ ಅವಳು ಎಚ್ಚರವಾಗಿರುತ್ತಾಳೆ, ನಿದ್ದೆಯ ಕಥೆ ಅಲ್ಲಿಗೆ ಮುಗಿಯಿತು. ಶೀತನಿದ್ರೆಯನ್ನೇ ಆರಿಸಿಕೊಳ್ಳಿ. ಹೆಪ್ಪುಗಟ್ಟಿದ ದೇಹ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳದು, ದೇಹದಲ್ಲಿ ಸಹಜವಾಗಿಯೇ ಇರುವ ವಿಕಿರಣಶೀಲ ಪೊಟ್ಯಾಸಿಯಂ-40 ಜೀವಕೋಶಗಳನ್ನು ಕೆಡಿಸುವುದೋ ನಿಲ್ಲದು. ಹಾಗಾಗಿ ನಡುನಡುವೆ ಅವಳನ್ನು ಬೆಚ್ಚಗಾಗಿಸಿ ಮತ್ತೆ ಮಲಗಿಸುವ ವ್ಯವಸ್ಥೆಯೊಂದನ್ನು ಕಲ್ಪಿಸಿದರೆ ಕಥೆ ನಂಬುವಂತಾಗುತ್ತದೆ. ಯಂತ್ರದ ವಿವರಣೆಗೆ ಒಂದು ಪ್ಯಾರಾ ಸಾಕು. ಉಳಿದ ಜಾಗವನ್ನು ಅವಳು ಕಳೆದುಕೊಂಡ ನೂರು ವರ್ಷಕ್ಕೆ ಕೊಡಿ. ಪೆರೋ ಅದನ್ನು ಬಟ್ಟೆಯಲ್ಲಿ ತೋರಿಸಿದ: ಎದ್ದು ಕೂತ ರಾಜಕುಮಾರಿಯ ಉಡುಪು ತನ್ನ ಅಜ್ಜಿಯ ಕಾಲದ್ದೆಂದು ರಾಜಕುಮಾರನಿಗೆ ಅನ್ನಿಸುತ್ತದೆ, ಆದರೆ ಅವನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.