ಲೆ ಗ್ವಿನ್ ಮೇಲಿನ ಟೀಕೆ ಕೇಳಲೇಬೇಕಾ?

‘ಅರ್ಥ್‌ಸೀ’ ಎಂಬ ಮಾಂತ್ರಿಕ ಲೋಕದ ಕತೆಗಳಲ್ಲಿ ಹೆಂಗಸರಿಗೆ ಜಾಗವಿಲ್ಲ ಎನ್ನುವ ಟೀಕೆಯನ್ನು ಅಭಿಮಾನಿಗಳು ಯಾಕೆ ಸಹಿಸಬೇಕು ಅಂತ ಕೇಳಿದ್ದೀರಿ. ನನಗೂ ಆ ಕತೆಗಳನ್ನು ಬರೆದ ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅಂದ್ರೆ ಪ್ರಾಣ. ಆದರೂ ಈ ಟೀಕೆಯನ್ನು ಕಿವಿಗೊಟ್ಟು ಕೇಳಬೇಕು ಅನ್ನುತ್ತೇನೆ.

1968ರ ಮೊದಲ ಪುಸ್ತಕ ಮತ್ತೆ ತೆಗೆದು ನೋಡಿ. ರೋಕ್ ದ್ವೀಪದ ಮಾಂತ್ರಿಕರ ಶಾಲೆಯಲ್ಲಿ ಕಲಿಯುವವರು ಬರೀ ಹುಡುಗರು. ಹೆಂಗಸರ ಮಾಟ ದುರ್ಬಲ, ಹೆಂಗಸರ ಮಾಟ ಕೆಟ್ಟದ್ದು ಅಂತ ಗಾಂಟ್ ದ್ವೀಪದಲ್ಲಿ ಗಾದೆಗಳೇ ಇವೆ. ಆದರೆ ಆ ದ್ವೀಪದಲ್ಲೇ ಹುಟ್ಟಿದ ಕಥಾನಾಯಕ ಗೆಡ್‌ಗೆ ಆಡು ಕರೆಯುವ ಮಂತ್ರ ಸಿಕ್ಕಿದ್ದು ಒಬ್ಬ ಹೆಂಗಸಿನ ಬಾಯಿಂದಲೇ, ಅವನ ತಾಯಿಯ ಒಡಹುಟ್ಟಿದವಳಿಂದ! ಚಿಕ್ಕವನಿದ್ದಾಗ ಅವನನ್ನು ಸಾಕಿದವಳೂ ಅವಳೇ ಅಲ್ವಾ?

ಈ ಕೊರತೆಯನ್ನು ಲೆ ಗ್ವಿನ್ ತಾವೇ ಒಪ್ಪಿಕೊಂಡರು. 1990ರಲ್ಲಿ ‘ಟೆಹಾನು’ ಬರೆದು ಅದೇ ಲೋಕವನ್ನು ರೈತನ ವಿಧವೆ ಟೆನಾರ್‌ಳ ಕಣ್ಣಿಂದ ತೋರಿಸಿದರು. ಓದಿಲ್ಲದಿದ್ದರೆ ಮೊದಲು ಅದನ್ನು ಓದಿ. ಮೈ ಸುಟ್ಟ ಮಗುವನ್ನು ಅವಳು ನೋಡಿಕೊಳ್ಳುವ ಪುಟಗಳು ನನಗೆ ಇವತ್ತಿಗೂ ಮರೆತಿಲ್ಲ.