ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಐ5 ತೆಗೆದು ಐ7 ಹಾಕಬಹುದಾ?

ಆಟ ನಿಧಾನವಾಗಿದೆ, ಇಂಟೆಲ್‌ನ ಐ5 ಪ್ರೊಸೆಸರ್ ತೆಗೆದು ಐ7 ಹಾಕಬಹುದಾ ಎಂದು ಕೇಳಿದ್ದೀರಿ. ನಿಮ್ಮದು ಐ5-9300ಎಚ್ ಅಂದಿದ್ದೀರಿ. ಹಾಗಾದರೆ ಆಗುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್‌ನ ಕಡ್ಡಿ ಎತ್ತಿದರೆ ಪ್ರೊಸೆಸರ್ ಕೈಗೇ ಬರುತ್ತದೆ. ನಿಮ್ಮದರಲ್ಲಿ ಅದು 1440 ಪುಟಾಣಿ ಬೆಸುಗೆ ಗುಂಡುಗಳ ಮೇಲೆ ಮದರ್‌ಬೋರ್ಡ್‌ಗೇ ಅಂಟಿಕೊಂಡಿದೆ. ಬಿಸಿಗಾಳಿ ಬಿಟ್ಟು ಕಿತ್ತು ಬೇರೆಯದು ಕೂರಿಸುವವರು ಇದ್ದಾರೆ, ಆದರೆ ಬೋರ್ಡೇ ಹೋದರೆ ಲ್ಯಾಪ್‌ಟಾಪೇ ಹೋದ ಹಾಗೆ.

2013ರ ಹಾಸ್ವೆಲ್ (ಇಂಟೆಲ್‌ನ ನಾಲ್ಕನೇ ಪೀಳಿಗೆಯ ಪ್ರೊಸೆಸರ್‌ಗಳು) ಕಾಲದವರೆಗೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಧ್ಯವಿತ್ತು. ಐ7-4700ಎಂಕ್ಯೂ ಬಿಚ್ಚಿ ಹಾಕುವಂಥದ್ದು, 4700ಎಚ್‌ಕ್ಯೂ ಬೆಸೆದದ್ದು. ಹೆಸರಿನ ಒಂದಕ್ಷರದಲ್ಲೇ ಹಣೆಬರಹ! ಅಲ್ಲೂ ಸಾಕೆಟ್ ಹೊಂದಿದರೆ ಸಾಲದು, ಲ್ಯಾಪ್‌ಟಾಪ್ ಚಾಲೂ ಮಾಡುವ ತಂತ್ರಾಂಶ ಬಯೋಸ್ ಒಪ್ಪಬೇಕು. 37 ವ್ಯಾಟ್‌ನ ಐ5-4200ಎಂ ಇದ್ದ ಜಾಗಕ್ಕೆ 47 ವ್ಯಾಟ್‌ನ 4700ಎಂಕ್ಯೂ ಬಂದರೆ ಹೆಚ್ಚಿದ ಬಿಸಿಯನ್ನು ಫ್ಯಾನ್ ತಡೆಯಬೇಕು.

ಅದಕ್ಕೆ ಮೊದಲು, ಆಟ ನಿಧಾನವಾಗಲು ಪ್ರೊಸೆಸರೇ ಕಾರಣವಾ? ಆಡುವಾಗ ಟಾಸ್ಕ್ ಮ್ಯಾನೇಜರ್ ನೋಡಿ. ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ 95 ಶೇಕಡಾ ದಾಟಿದ್ದರೆ ಐ7 ಹಾಕಿದ್ದರೂ ಅಷ್ಟೇ. ಒಂದೇ 8 ಜಿಬಿ ರ‍್ಯಾಮ್ ಇದ್ದರೆ ಖಾಲಿ ಸ್ಲಾಟ್‌ಗೆ ಅಂಥದ್ದೇ ಇನ್ನೊಂದು ಹಾಕಿ, ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡೂ ಜೊತೆಯಾಗಿ ಕೆಲಸ ಮಾಡುತ್ತವೆ. ಮತ್ತೆ ನಿಮ್ಮ ಲ್ಯಾಪ್‌ಟಾಪ್‌ನ ಫ್ಯಾನ್ ಬಿಚ್ಚಿಸಿ ನೋಡಿ. ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್‌ನ ಸಂದಿಯಲ್ಲಿ ಧೂಳು ಕಂಬಳಿಯ ಹಾಗೆ ಕೂತಿರುತ್ತದೆ. ಅದನ್ನು ತೆಗೆಸಿ, ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿಸಿ.